ತನಿ ಆವರ್ತನಕ್ಕೆ ಮೊದಲಿನ ಎರಡು ಗಂಟೆ

ಮೃದಂಗ ಕಲಿಸಲೆಂದು ಮಕ್ಕಳನ್ನು ಕರೆತರುವ ತಂದೆತಾಯಂದಿರಲ್ಲಿ ಹೆಚ್ಚಿನವರು ಮೊದಲ ಭೇಟಿಯಲ್ಲೇ ಮೊಬೈಲು ತೆಗೆದು ಒಂದು ವಿಡಿಯೊ ತೋರಿಸುತ್ತಾರೆ. ಅದು ಬಹುಮಟ್ಟಿಗೆ ಯಾರೋ ಒಬ್ಬ ದೊಡ್ಡ ವಿದ್ವಾಂಸರ ತನಿ ಆವರ್ತನದ, ಅಂದರೆ ಕಛೇರಿಯಲ್ಲಿ ತಾಳವಾದ್ಯವಷ್ಟೇ ನುಡಿಯುವ ಭಾಗದ, ಕೊನೆಯ ಎರಡು ಮೂರು ನಿಮಿಷದ ತುಣುಕಾಗಿರುತ್ತದೆ. ಬೆರಳುಗಳು ಕಣ್ಣಿಗೆ ಸಿಗದಷ್ಟು ವೇಗವಾಗಿ ಓಡುತ್ತಿರುತ್ತವೆ, ಲೆಕ್ಕ ಹಾಕಿ ಕಟ್ಟಿದ ಪೆಟ್ಟುಗಳ ಸರಣಿಯಾದ ಕೋರ್ವೆ ಮೂರನೆಯ ಸಲ ಮುಗಿದು ಹಾಡು ಶುರುವಾಗುವ ಜಾಗವಾದ ಎತ್ತುಗಡೆಗೆ ಸರಿಯಾಗಿ ಬಂದು ಸೇರುತ್ತದೆ, ಸಭೆಯವರು ಚಪ್ಪಾಳೆ ತಟ್ಟುತ್ತಾರೆ. "ಸರ್, ನಮ್ಮ ಹುಡುಗ ಹೀಗೆ ನುಡಿಸೋ ಹಾಗಾಗೋಕೆ ಎಷ್ಟು ವರ್ಷ ಬೇಕು?" ಎಂಬ ಪ್ರಶ್ನೆ ಆಮೇಲೆ ಬರುತ್ತದೆ. ಕಲಿಸಲು ಕುಳಿತು 30 ವರ್ಷ ದಾಟಿದರೂ ಈ ಪ್ರಶ್ನೆ ಬದಲಾಗಿಲ್ಲ. ಮೊದಲು ಕ್ಯಾಸೆಟ್ಟು ತರುತ್ತಿದ್ದರು, ಈಗ ಮೊಬೈಲು ತರುತ್ತಾರೆ. ನಾನು ಕೇಳುವ ಮರುಪ್ರಶ್ನೆಯೂ ಅಂದಿನದೇ: ಈ ತುಣುಕಿಗೆ ಮೊದಲಿನ ಎರಡು ಗಂಟೆ ಇದೇ ವಿದ್ವಾಂಸರು ಏನು ನುಡಿಸಿದರೆಂದು ಕೇಳಿದ್ದೀರಾ? ಹೌದು ಎಂದವರು ಬಹಳ ಕಡಿಮೆ.

ದೊಡ್ಡ ಮೃದಂಗ ವಾದಕರನ್ನು ದೊಡ್ಡವರನ್ನಾಗಿ ಮಾಡುವುದು ಸರ್ವಲಘು, ಅಂದರೆ ಹಾಡಿನ ಉದ್ದಕ್ಕೂ ಅದರ ಜೊತೆ ಸಾಗಿಸುವ ಸರಳ ನಡೆ. ಸಂಗೀತ ಬಲ್ಲವರಿಗೆ ಈ ಪದ ಹೊಸದಲ್ಲ. ಆದರೂ ಬಲ್ಲವರೇ ಇದನ್ನು ಲಘುವಾಗಿ ಕಾಣುವುದನ್ನು ಎಷ್ಟೋ ಸಲ ನೋಡಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಲೆಕ್ಕಾಚಾರ ಎಂದು ನಾವು ಕರೆಯುವ ಭಾಗವನ್ನು ಮೊದಲು ನೋಡೋಣ. ಆದಿತಾಳದ ಒಂದು ಆವರ್ತಕ್ಕೆ (ತಾಳದ ಒಂದು ಸುತ್ತಿಗೆ) 8 ಅಕ್ಷರ, ಒಂದು ಕಳೆಯಲ್ಲಿ ಅಕ್ಷರಕ್ಕೆ 4 ಮಾತ್ರೆಯಂತೆ ಒಟ್ಟು 32 ಮಾತ್ರೆ. "ತದಿಗಿಣತೊಂ" ಎಂಬ ಐದು ಮಾತ್ರೆಯ ಸೊಲ್ಲನ್ನು (ಬಾಯಲ್ಲಿ ಹೇಳುವ ಪೆಟ್ಟುಗಳ ಹೆಸರನ್ನು) ಮೂರು ಸಲ ನುಡಿಸಿದರೆ 15. ಮೊದಲಿಗೆ ಒಂದು ಮಾತ್ರೆ ಬಿಟ್ಟು ಶುರು ಮಾಡಿದರೆ 16, ಅಂದರೆ ಸರಿಯಾಗಿ ಅರ್ಧ ಆವರ್ತ. ಎರಡನೆಯ ಅರ್ಧದಲ್ಲಿ ಇದನ್ನು ಇಟ್ಟರೆ ಮುಂದಿನ ಸಮಕ್ಕೆ, ಅಂದರೆ ಆವರ್ತದ ಮೊದಲ ಪೆಟ್ಟಿಗೆ, ಸೇರುತ್ತದೆ. ಗಣಿತದಲ್ಲಿ ಚುರುಕಾದ ಹತ್ತು ವರ್ಷದ ಮಗು ಒಂದೇ ಸಂಜೆಯಲ್ಲಿ ಇದನ್ನು ಕಲಿಯುತ್ತದೆ. ತನಿಯ ಕೊನೆಯತ್ತ ಒಯ್ಯುವ ಮೋಹರಾ, ಕೋರ್ವೆ, ಅಕ್ಷರವನ್ನು ಮೂರಾಗಿ ಐದಾಗಿ ಒಡೆಯುವ ತಿಶ್ರ ಮತ್ತು ಖಂಡ ನಡೆಗಳು ಇದಕ್ಕಿಂತ ಕಠಿಣ, ಅವುಗಳಲ್ಲಿ ಹಿರಿಯರ ಪ್ರತಿಭೆ ಅಪಾರವಾಗಿ ತುಂಬಿದೆ, ಅದನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಅದೆಲ್ಲವನ್ನೂ ಪುಸ್ತಕದಲ್ಲಿ ಬರೆದಿಡಬಹುದು, ಬರೆದಿಟ್ಟದ್ದನ್ನು ಕೈಗೆ ಹತ್ತಿಸಬಹುದು.

ಸರ್ವಲಘುವನ್ನು ಹಾಗೆ ಬರೆದಿಡಲಾಗದು. "ನಂ ದಿಂ ದಿಂ ನಂ" ಎಂದು ಕಾಗದದ ಮೇಲೆ ನಾಲ್ಕು ಸೊಲ್ಲು ಬರೆದರೆ ಅಲ್ಲಿಗೆ ಬರೆಯುವುದು ಮುಗಿಯಿತು. ಹಾಡು ನಡೆಯುತ್ತಿರುವಷ್ಟು ಹೊತ್ತೂ ಈ ಸರಳ ನಡೆಯನ್ನು, ಹಾಡಿನ ಸಾಹಿತ್ಯ ಎಲ್ಲಿ ಒತ್ತುತ್ತದೆ, ಎಲ್ಲಿ ಎಳೆಯುತ್ತದೆ, ಗಾಯಕರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಎಂಬುದಕ್ಕೆ ತಕ್ಕಂತೆ ಕ್ಷಣಕ್ಷಣಕ್ಕೂ ಬದಲಿಸುತ್ತ, ಆದರೆ ಕಾಲಪ್ರಮಾಣವನ್ನು ಒಂದಿಷ್ಟೂ ಅಲುಗಾಡಿಸದೆ ಸಾಗಿಸುವುದು ಸರ್ವಲಘು. ಅದು ಚೆನ್ನಾಗಿದ್ದಾಗ ಕೇಳುಗರು ಮೃದಂಗವನ್ನು ಬೇರೆಯಾಗಿ ಗಮನಿಸುವುದಿಲ್ಲ, ಹಾಡು ಇಂದು ಬಹಳ ಸೊಗಸಾಗಿತ್ತು ಎಂದುಕೊಂಡು ಮನೆಗೆ ಹೋಗುತ್ತಾರೆ. ತನಿಯ ತುಣುಕಿಗೆ ಸಿಗುವ ಮೆಚ್ಚುಗೆ ಇದಕ್ಕೆ ಸಿಗದಿರುವುದಕ್ಕೆ ಕಾರಣವೂ ಬಹುಶಃ ಇದೇ ಇರಬೇಕು.

ತರಗತಿಯಲ್ಲಿ ನಾನು ಮಾಡುವ ಒಂದು ಪರೀಕ್ಷೆಯನ್ನು ಹೇಳಿದರೆ ವಿಷಯ ಸ್ಪಷ್ಟವಾಗುತ್ತದೆ. ಎರಡು ಕಳೆಯ ಆದಿತಾಳ, ಅಂದರೆ ಪ್ರತಿ ಅಕ್ಷರಕ್ಕೆ ಎರಡು ಬಡಿತ. ತಪ್ಪದೆ ಲಯ ಬಡಿಯುವ ಯಂತ್ರವಾದ ಮೆಟ್ರೊನೋಮನ್ನು ನಿಮಿಷಕ್ಕೆ 48 ಬಡಿತಕ್ಕೆ ಇಡುತ್ತೇನೆ. ಆವರ್ತಕ್ಕೆ 16 ಬಡಿತದಂತೆ ಒಂದು ಆವರ್ತ ಮುಗಿಯಲು 20 ಸೆಕೆಂಡು ಬೇಕು. ತಂಬೂರಿಯ ಶ್ರುತಿ ಹಾಕಿ ಸರ್ವಲಘು ಮಾತ್ರ ನುಡಿಸಲು ಹೇಳುತ್ತೇನೆ. ಎರಡು ಆವರ್ತ ಆದ ಮೇಲೆ ಮೆಟ್ರೊನೋಮಿನ ಸದ್ದನ್ನು ಅಡಗಿಸುತ್ತೇನೆ, ಆದರೆ ಅದು ಒಳಗೆ ನಡೆಯುತ್ತಲೇ ಇರುತ್ತದೆ. ಎಂಟನೆಯ ಆವರ್ತದಲ್ಲಿ ಸದ್ದನ್ನು ಮತ್ತೆ ತೆರೆಯುತ್ತೇನೆ. ವೇಗದ ವಿಡಿಯೊ ತೋರಿಸಿ ಬಂದ ಹುಡುಗರಲ್ಲಿ ಬಹುತೇಕ ಎಲ್ಲರೂ ಆ ಹೊತ್ತಿಗೆ ಎರಡು ಮೂರು ಅಕ್ಷರ ಮುಂದೆ ಓಡಿಹೋಗಿರುತ್ತಾರೆ. ಒಬ್ಬ ಹುಡುಗನಂತೂ, ನಾಲ್ಕನೆಯ ಕಾಲದ ಅತಿ ವೇಗದಲ್ಲಿ ಸೊಲ್ಲುಗಳನ್ನು ಮುತ್ತು ಪೋಣಿಸಿದ ಹಾಗೆ ನುಡಿಸುವವನು, ಮೊದಲ ಸಲ ಈ ಪರೀಕ್ಷೆಯಲ್ಲಿ ಅರ್ಧ ಆವರ್ತದಷ್ಟು ಮುಂದಿದ್ದ. ಮೆಟ್ರೊನೋಮ್ ಕೆಟ್ಟಿದೆ ಎಂದು ಅವನು ಪ್ರಾಮಾಣಿಕವಾಗಿಯೇ ನಂಬಿದ್ದ. ಎರಡು ಬಡಿತಗಳ ನಡುವಿನ ಒಂದೂಕಾಲು ಸೆಕೆಂಡು ಖಾಲಿ ಜಾಗವಾಗಿ ಕಂಡಾಗ ಕೈ ತಾನಾಗಿಯೇ ಅದನ್ನು ಕಡಿಮೆ ಮಾಡುತ್ತ ಹೋಗುತ್ತದೆ. ವೇಗದಲ್ಲಿ ಈ ದೋಷ ಅಡಗಿಕೊಳ್ಳುತ್ತದೆ, ಏಕೆಂದರೆ ಅಲ್ಲಿ ಖಾಲಿ ಜಾಗವೇ ಇರುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಮೆಟ್ರೊನೋಮ್ ಪರೀಕ್ಷೆಗೆ ಮಾತ್ರ, ದಿನನಿತ್ಯದ ಸಾಧನೆಗೆ ಅಲ್ಲ. ಕಛೇರಿಯಲ್ಲಿ ಹಾಡಿನ ಕಾಲಪ್ರಮಾಣ ಯಂತ್ರದಂತೆ ನಡೆಯುವುದಿಲ್ಲ. ಒಂದೇ ಸಾಲನ್ನು ಬಗೆಬಗೆಯಾಗಿ ಹಾಡುವ ನೆರವಲಿನಲ್ಲಿ ಗಾಯಕರು ಕೂದಲೆಳೆಯಷ್ಟು ಮುಂದಾದರೆ ಅವರನ್ನು ಹಿಂದಕ್ಕೆ ಜಗ್ಗಬೇಕೆ, ಜೊತೆಯಲ್ಲೇ ಹೋಗಬೇಕೆ ಎಂಬುದನ್ನು ಆ ಹೊತ್ತಿನಲ್ಲಿ ಕಿವಿಯೇ ತೀರ್ಮಾನಿಸಬೇಕು. ಹಾಗೆಯೇ, ವೇಗ ಬೇಡವೆಂದೂ ನಾನು ಹೇಳುತ್ತಿಲ್ಲ. ಎಳೆಯ ವಯಸ್ಸಿನಲ್ಲೇ ಕೈಗೆ ವೇಗ ಬಾರದಿದ್ದರೆ ಮುಂದೆ ಕಷ್ಟ. ಅವಸರದಿಂದ ವೇಗಕ್ಕೆ ಬಿದ್ದು ಮಣಿಕಟ್ಟು ನೋವೆನ್ನುವ ಮಕ್ಕಳಿಗೆ ಮಾತ್ರ, ಸಾಧನೆ ನಿಲ್ಲಿಸಿ ಮೊದಲು ವೈದ್ಯರಿಗೆ ತೋರಿಸಿ ಎಂದು ಖಂಡಿತವಾಗಿ ಹೇಳುತ್ತೇನೆ.

ನಿಧಾನದಲ್ಲಿ ಮೃದಂಗದ ನಾದ ಕೇಳಿಸುತ್ತದೆ, ವೇಗದಲ್ಲಿ ಅದು ಮುಚ್ಚಿಹೋಗುತ್ತದೆ ಎಂಬುದು ನನ್ನ ರುಚಿಯ ಮಾತಷ್ಟೇ ಅಲ್ಲ. ಸರ್ ಸಿ.ವಿ. ರಾಮನ್ ಅವರು ಮೃದಂಗ ಮತ್ತು ತಬಲಾಗಳ ಧ್ವನಿಯ ಬಗ್ಗೆ 1920ರಲ್ಲೇ ಬರೆದಿದ್ದರು. ಬೆಂಗಳೂರಿಗೆ ಬಂದು 1934ರಲ್ಲಿ ಇಲ್ಲಿ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದಾಗ ಅದರ ಪತ್ರಿಕೆಯ ಮೊದಲ ಸಂಪುಟದಲ್ಲೇ ಭಾರತೀಯ ಚರ್ಮವಾದ್ಯಗಳ ಕುರಿತು ವಿವರವಾದ ಲೇಖನ ಪ್ರಕಟಿಸಿದರು. ಸಾಮಾನ್ಯ ಚರ್ಮವಾದ್ಯವನ್ನು ಬಡಿದಾಗ ಹುಟ್ಟುವ ಉಪಸ್ವರಗಳು ಒಂದಕ್ಕೊಂದು ಹೊಂದದೆ ಬರಿಯ ಸದ್ದಾಗಿಬಿಡುತ್ತವೆ. ಮೃದಂಗದ ಬಲ ಮುಚ್ಚಿಗೆಯ (ಚರ್ಮದ ಹೊದಿಕೆಯ) ಮೇಲೆ ಪದರ ಪದರವಾಗಿ ಹಚ್ಚಿ ಉಜ್ಜುವ ಕಪ್ಪು ಕರಣೆಯ ಭಾರದಿಂದ ಆ ಉಪಸ್ವರಗಳು ಮೂಲಸ್ವರದ ಎರಡರಷ್ಟು, ಮೂರರಷ್ಟು, ಹೀಗೆ ಐದರವರೆಗಿನ ಗುಣಕಗಳಿಗೆ ಬಂದು ಕೂಡುತ್ತವೆ ಎಂದು ರಾಮನ್ ತೋರಿಸಿದರು. ನಮ್ಮ ಚಾಪು ಮತ್ತು ಮೀಟು ಎಂಬ ಪೆಟ್ಟುಗಳು ತಂತಿವಾದ್ಯದ ಹಾಗೆ ಶ್ರುತಿಗೆ ನಿಲ್ಲುವುದು ಇದರಿಂದ. ಆದರೆ ಹುಟ್ಟಿದ ನಾದ ನಿಂತು ಕೇಳಿಸುವುದಕ್ಕೆ ಒಂದಿಷ್ಟು ಹೊತ್ತು ಬೇಕು. ಮುಂದಿನ ಸೊಲ್ಲು ಆ ಹೊತ್ತನ್ನು ಕೊಡದೆ ಬಂದು ಬಡಿದರೆ, ಕರಣೆಯನ್ನು ಗಂಟೆಗಟ್ಟಲೆ ಕಲ್ಲಿನಿಂದ ಉಜ್ಜಿ ಉಜ್ಜಿ ಹದಕ್ಕೆ ತಂದ ಕುಶಲಕರ್ಮಿಯ ಶ್ರಮವೂ, ಕಛೇರಿಗೆ ಮೊದಲು ಕೂತು ಶ್ರುತಿ ಮಾಡಿದ ನಮ್ಮ ಶ್ರಮವೂ ಕೇಳುಗರ ಕಿವಿಗೆ ತಲುಪುವುದೇ ಇಲ್ಲ. ಎಡಗೈಯ ಗುಮುಕಿಗೆ ಇನ್ನೂ ಹೆಚ್ಚು ಅವಕಾಶ ಬೇಕು. ಎಡ ಮುಚ್ಚಿಗೆಗೆ ರವೆ ಮೆತ್ತಿ, ಹಸ್ತದಿಂದ ಒತ್ತಿ ಎಳೆದಾಗ ಏಳುವ ಆ ತಗ್ಗಿದ ನಾದ, ಚೌಕಕಾಲದ (ನಿಧಾನಗತಿಯ) ಕೃತಿಯಲ್ಲಿ ಸಾಹಿತ್ಯದ ಒಂದು ಅಕ್ಷರ ನೀಳವಾಗಿ ನಿಂತಿರುವಾಗ ಅದರ ಕೆಳಗೆ ಬಂದರೆ ಆಗುವ ಸುಖವನ್ನು ಬರಹದಲ್ಲಿ ಹೇಳುವುದು ನನಗೆ ಕಷ್ಟ.

ಗುಮುಕಿ ಎಂದೊಡನೆ ಪಳನಿ ಸುಬ್ರಹ್ಮಣ್ಯ ಪಿಳ್ಳೆಯವರ ನೆನಪು ಬಾರದಿರದು. 1908ರಲ್ಲಿ ಹುಟ್ಟಿ 1962ರಲ್ಲಿ ತೀರಿಕೊಂಡ ಅವರು ಎಡಚರಾಗಿದ್ದರು. ಹಾಗಾಗಿ ವೇದಿಕೆಯ ಮೇಲೆ ಪಕ್ಕವಾದ್ಯದವರು ಕೂರುವ ಜಾಗವೇ ಅದಲುಬದಲಾಗಬೇಕಾಗುತ್ತಿತ್ತು. ಪುದುಕ್ಕೋಟ್ಟೈ ಪರಂಪರೆಯ ಅವರಿಗೆ ಲೆಕ್ಕಾಚಾರ ರಕ್ತಗತ. ಆದರೂ ಉಳಿದಿರುವ ಧ್ವನಿಮುದ್ರಣಗಳಲ್ಲಿ ಹಾಡಿಗೆ ಅವರು ನುಡಿಸುವುದನ್ನು ಕೇಳಿದರೆ ಆ ಲೆಕ್ಕವೆಲ್ಲ ಎಲ್ಲಿ ಬೇಕೋ ಅಲ್ಲಿಯವರೆಗೆ ಸುಮ್ಮನೆ ಕಾದು ಕುಳಿತಿರುತ್ತದೆ. ಪಾಲ್ಘಾಟ್ ಮಣಿ ಅಯ್ಯರ್ ಅವರನ್ನು (1912–1981) ಮೆಚ್ಚದ ಮೃದಂಗ ವಾದಕರು ಇಲ್ಲ. ಮದರಾಸಿನ ಸಂಗೀತ ಅಕಾಡೆಮಿ 1966ರಲ್ಲಿ ಅವರಿಗೆ ಸಂಗೀತ ಕಲಾನಿಧಿ ಬಿರುದು ಕೊಟ್ಟಿತು. ಮೃದಂಗಕ್ಕೆ ಆ ಗೌರವ ಸಂದದ್ದು ಅದೇ ಮೊದಲು. ಅವರ ವೇಗವನ್ನು ಎಲ್ಲರೂ ಹೊಗಳುತ್ತಾರೆ. ಕೃತಿಯ ಸಂಗತಿಯೊಂದನ್ನು, ಅಂದರೆ ಒಂದು ಸಾಲಿನ ಬದಲಾದ ಧಾಟಿಯೊಂದನ್ನು, ಎರಡನೆಯ ಸಲ ಹಾಡುವ ಹೊತ್ತಿಗೆ ಆ ಸಂಗತಿಯ ಆಕಾರವೇ ಅವರ ಬೆರಳಿನಲ್ಲಿ ಮೂಡಿರುತ್ತದೆ ಎಂಬುದನ್ನು ಗಮನಿಸಿ ಕೇಳಬೇಕು. ಕೊನೆಯ ವರ್ಷಗಳಲ್ಲಿ ಮೈಕು ಬೇಡವೆಂದು ಅವರು ಹಟ ಹಿಡಿದದ್ದೂ ನಾದದ ಮೇಲಿನ ಕಾಳಜಿಯಿಂದಲೇ ಎಂದು ನಾನು ತಿಳಿದಿದ್ದೇನೆ.

ಆದರೆ ನನ್ನ ವಿದ್ಯಾರ್ಥಿಗಳಿಗೆ ಮೊದಲು ಕೇಳಲು ಹೇಳುವುದು ವೆಲ್ಲೂರು ರಾಮಭದ್ರನ್ ಅವರನ್ನು (1929–2012). ಸೌಖ್ಯ ಎಂಬ ಒಂದು ಪದ ಅವರ ನುಡಿಸಾಣಿಕೆಗೇ ಹುಟ್ಟಿದ ಹಾಗಿದೆ. ಅವರ ಸರ್ವಲಘುವಿನಲ್ಲಿ ಕೈಚಳಕದ ಪ್ರದರ್ಶನ ಹುಡುಕಿದರೆ ಸಿಗುವುದಿಲ್ಲ. ಹಾಡುವವರು ನಿಶ್ಚಿಂತರಾಗಿ ಹಾಡುತ್ತಿರುವುದು ಮಾತ್ರ ಕೇಳಿಸುತ್ತದೆ. ಸ್ವರಗಳನ್ನೇ ಆಗಿಂದಾಗ ಹೆಣೆದು ಹಾಡುವ ಸ್ವರಕಲ್ಪನೆಯಲ್ಲಿ ಇದೇ ಗುಣವನ್ನು ಬಲ್ಲ ಗಾಯಕರೆಂದರೆ ಮದುರೈ ಮಣಿ ಅಯ್ಯರ್. ಮೃದಂಗ ಕಲಿಯುವವರು ಅವರ ಸರ್ವಲಘು ಸ್ವರಗಳಿಗೆ ಬರಿಯ ತಾಳ ಹಾಕುತ್ತ ಕೂತರೂ ಒಂದು ಪಾಠವಾದಂತೆ. ನಮ್ಮ ಬೆಂಗಳೂರಿನಲ್ಲಿ ಟಿ.ಎ.ಎಸ್. ಮಣಿಯವರು 1964ರಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಆರಂಭಿಸಿ, ತಾಳವಾದ್ಯಗಳೇ ಮುಂದೆ ನಿಂತು ಮಾತಾಡುವ ತಾಳವಾದ್ಯ ಕಛೇರಿಯನ್ನು ದೇಶವಿದೇಶಗಳಿಗೆ ಒಯ್ದರು. ಅಂಥ ಕಛೇರಿಯ ರೀತಿಯೇ ಬೇರೆ, ಅಲ್ಲಿ ತನಿಯ ಚಮತ್ಕಾರಕ್ಕೆ ಸಹಜವಾದ ಸ್ಥಾನವಿದೆ. ಹಾಡಿನ ಪಕ್ಕ ಕೂತಾಗಲೂ ಅದನ್ನೇ ಮಾಡಹೊರಟರೆ ತೊಂದರೆ.

ಆ ತೊಂದರೆಯನ್ನು ನಾನೇ ಮಾಡಿದ್ದೇನೆ. ಆಗ ನನಗೆ 22 ವರ್ಷ, ವಿದ್ವತ್ ಪರೀಕ್ಷೆ ಮುಗಿದ ಹೊಸತು. ರಾಮನವಮಿಯ ಪೆಂಡಾಲೊಂದರಲ್ಲಿ ಹಿರಿಯ ಗಾಯಕಿಯೊಬ್ಬರಿಗೆ ನುಡಿಸುವ ಅವಕಾಶ ಬಂತು. ಅವರು ಮಿಶ್ರಛಾಪಿನಲ್ಲಿ, ಬಹಳ ನಿಧಾನವಾಗಿ, ದೀಕ್ಷಿತರ ಒಂದು ಕೃತಿಯನ್ನು ಎತ್ತಿಕೊಂಡರು. ಏಳರ ತಾಳ ಸಿಕ್ಕಿತೆಂಬ ಉತ್ಸಾಹದಲ್ಲಿ ನಾನು ಪ್ರತಿ ಸಾಲಿನ ಕೊನೆಗೂ ಒಂದೊಂದು ತೀರ್ಮಾನ (ಮೂರು ಸಲ ನುಡಿಸಿ ಮುಗಿಸುವ ಸೊಲ್ಲುಕಟ್ಟು) ಜೋಡಿಸುತ್ತ ಹೋದೆ; ಸಾಹಿತ್ಯದ ಶಬ್ದ ಮುಗಿಯುವ ಮೊದಲೇ ನನ್ನ ಲೆಕ್ಕ ಶುರುವಾಗಿರುತ್ತಿತ್ತು. ಮುಂದಿನ ಸಾಲಿನಲ್ಲಿ ಕೂತಿದ್ದ ನಾಲ್ಕಾರು ಹುಡುಗರು ತಲೆದೂಗುತ್ತಿದ್ದರು. ಅನುಪಲ್ಲವಿ ಬರುವ ಹೊತ್ತಿಗೆ ಆ ತಾಯಿ ತೊಡೆಯ ಮೇಲೆ ಹಾಕುತ್ತಿದ್ದ ತಾಳದ ಪೆಟ್ಟು ಜೋರಾಗತೊಡಗಿತು. ಚರಣಕ್ಕೆ ಬಂದಾಗ ಅದು ಮೈಕಿನಲ್ಲೂ ಕೇಳುತ್ತಿತ್ತು. ನನ್ನ ಗದ್ದಲದ ನಡುವೆ ತಮ್ಮ ತಾಳ ತಮಗೇ ಕೇಳಿಸಲೆಂದು ಅವರು ಅಷ್ಟು ಜೋರಾಗಿ ಬಡಿದುಕೊಳ್ಳುತ್ತಿದ್ದಾರೆ ಎಂಬುದು ನನಗೆ ಆಗ ಹೊಳೆಯಲಿಲ್ಲ. ನನ್ನನ್ನು ಹುರಿದುಂಬಿಸುತ್ತಿದ್ದಾರೆ ಎಂದೇ ತಿಳಿದೆ. ಕಛೇರಿ ಮುಗಿದ ಮೇಲೆ ಒಂದು ಮಾತೂ ಆಡದೆ, ಕೋಸಂಬರಿ ಪಾನಕ ಕೊಡಿಸಿ, ಪ್ರೀತಿಯಿಂದಲೇ ಕಳಿಸಿದರು. ಮುಂದಿನ ವರ್ಷ ಕರೆಯಲಿಲ್ಲ. ಅದರ ಮುಂದಿನ ವರ್ಷ ಅವರ ಕಛೇರಿಗೆ ಕೇಳುಗನಾಗಿ ಹೋಗಿ ಕುಳಿತಾಗ, ಅದೇ ಕೃತಿಯನ್ನು ಹಾಡುವಾಗ ಅವರ ಕೈ ತೊಡೆಯನ್ನು ಮುಟ್ಟುತ್ತಿತ್ತೋ ಇಲ್ಲವೋ ಎಂಬಷ್ಟು ಹಗುರವಾಗಿ ಆಡುತ್ತಿತ್ತು. ಪಕ್ಕದಲ್ಲಿ ನುಡಿಸುತ್ತಿದ್ದ ಹಿರಿಯರು ಅಷ್ಟು ಹೊತ್ತಿಗೆ ಒಂದೇ ಒಂದು ತೀರ್ಮಾನವನ್ನೂ ಇಟ್ಟಿರಲಿಲ್ಲ. ಅವತ್ತಿನಿಂದ ಯಾವ ಕಛೇರಿಯಲ್ಲೂ ನಾನು ಮೊದಲು ನೋಡುವುದು ಗಾಯಕರ ತಾಳದ ಕೈಯನ್ನು.

ಹಾಗೆಂದು ಇದು ದೊಡ್ಡ ವಿದ್ವಾಂಸರಿಗೆ ಮಾತ್ರ ಸಾಧ್ಯವಾಗುವ ವಿದ್ಯೆಯಲ್ಲ. ಕೆಲವು ವರ್ಷಗಳ ಹಿಂದೆ ಹನ್ನೆರಡು ವರ್ಷದ ಹುಡುಗಿಯೊಬ್ಬಳು ನನ್ನ ಬಳಿ ಕಲಿಯುತ್ತಿದ್ದಳು. ಜೂನಿಯರ್ ಪರೀಕ್ಷೆಗೆ ಬೇಕಾದಷ್ಟು ವೇಗವೂ ಅವಳ ಕೈಗೆ ಬರುತ್ತಿರಲಿಲ್ಲ, ಸ್ಪರ್ಧೆಗಳಲ್ಲಿ ಬಹುಮಾನ ಬಂದದ್ದಿಲ್ಲ, ಅವಳ ತಂದೆಗೆ ಆ ಬಗ್ಗೆ ಬೇಸರವಿತ್ತು. ಒಮ್ಮೆ ನವರಾತ್ರಿಯಲ್ಲಿ ಅವರ ಮನೆಗೆ ಬೊಂಬೆ ನೋಡಲು ಹೋದಾಗ ಅವಳ ಅಜ್ಜಿ ಒಂದು ದೇವರನಾಮ ಹಾಡಿದರು. ಎಂಬತ್ತು ದಾಟಿದ ಅಜ್ಜಿಗೆ ಸಾಲಿನ ನಡುವೆಯೇ ಉಸಿರು ಸಾಲುತ್ತಿರಲಿಲ್ಲ, ತಾಳ ಅಲ್ಲಲ್ಲಿ ತೂಗಾಡುತ್ತಿತ್ತು. ಮಗು ಪಕ್ಕದಲ್ಲಿ ಮೃದಂಗ ಇಟ್ಟುಕೊಂಡು ಕುಳಿತಿತ್ತು. ಅಜ್ಜಿ ಉಸಿರಿಗಾಗಿ ನಿಂತಾಗ ಅವಳು ಒಂದು "ತೊಂ" ನುಡಿಸಿ ಅದರ ನಾದ ಆರುವವರೆಗೆ ಕಾಯುತ್ತಿದ್ದಳು, ಅಜ್ಜಿಯ ತುಟಿ ತೆರೆದ ಕೂಡಲೇ ನಡೆಯನ್ನು ಹಿಡಿಯುತ್ತಿದ್ದಳು. ಹಾಡು ಎಲ್ಲಿಯೂ ಕಡಿದಂತೆ ಕೇಳಿಸಲಿಲ್ಲ. ಅವಳ ತಂದೆಯನ್ನು ಪಕ್ಕಕ್ಕೆ ಕರೆದು, ಈಗ ಕೇಳಿದಿರಲ್ಲ, ಇದನ್ನು ನಾನು ಯಾರಿಗೂ ಹೇಳಿಕೊಡಲಾರೆ ಎಂದೆ. ಅವರಿಗೆ ನಾನು ಸಮಾಧಾನ ಹೇಳುತ್ತಿದ್ದೇನೆ ಎನಿಸಿತೋ ಏನೋ, ಗೊತ್ತಿಲ್ಲ.

ಆದ್ದರಿಂದ ಪೋಷಕರಲ್ಲಿ ನನ್ನ ವಿನಂತಿ ಇಷ್ಟೇ. ಒಂದು ವರ್ಷ ತನಿಯ ತುಣುಕುಗಳನ್ನು ಮಕ್ಕಳಿಗೆ ತೋರಿಸಬೇಡಿ. ರಾಮನವಮಿಯ ಹೊತ್ತಿಗೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನಕ್ಕೋ, ಗಾಯನ ಸಮಾಜಕ್ಕೋ, ನಿಮ್ಮ ಬಡಾವಣೆಯ ದೇವಸ್ಥಾನಕ್ಕೋ ಕರೆದುಕೊಂಡು ಹೋಗಿ, ವರ್ಣದಿಂದ ಮಂಗಳದವರೆಗೆ ಕೂರಿಸಿ. ತಾಳ ಹಾಕಲು ಹೇಳಿ. ನಿದ್ದೆ ಬಂದರೆ ಬರಲಿ. ಮನೆಯಲ್ಲಿ ಯಾರಾದರೂ ಹಾಡುವವರಿದ್ದರೆ, ಶ್ರುತಿ ಸ್ವಲ್ಪ ಅತ್ತಿತ್ತ ಆದರೂ ಚಿಂತೆಯಿಲ್ಲ, ದಿನಕ್ಕೊಂದು ಹಾಡಿಗೆ ಮಗು ನುಡಿಸಲಿ. ಎಲ್ಲ ಮಕ್ಕಳಿಗೂ ಇದು ಒಂದೇ ರೀತಿ ಫಲ ಕೊಡುತ್ತದೆಂದು ನಾನು ಭರವಸೆ ಕೊಡಲಾರೆ. ಕೆಲವರಿಗೆ ಆರು ತಿಂಗಳಲ್ಲಿ ಕಿವಿ ತೆರೆಯುತ್ತದೆ, ಕೆಲವರಿಗೆ ಆರು ವರ್ಷ ಬೇಕಾಗುತ್ತದೆ.

ಮೆಟ್ರೊನೋಮ್ ಕೆಟ್ಟಿದೆ ಎಂದಿದ್ದ ಹುಡುಗ ಈಗ ವಾರಕ್ಕೆ ಎರಡು ದಿನ ಒಬ್ಬ ಹಾಡುಗಾರ್ತಿಯ ಮನೆಗೆ ಹೋಗಿ ಅವರ ಸಾಧನೆಗೆ ನುಡಿಸುತ್ತಿದ್ದಾನೆ. ಕಳೆದ ಭಾನುವಾರ ಎಂಟನೆಯ ಆವರ್ತದಲ್ಲಿ ನಾನು ಸದ್ದನ್ನು ತೆರೆದಾಗ ಎರಡೇ ಮಾತ್ರೆಯಷ್ಟು ಮುಂದಿದ್ದ. ಈ ಸಲ ಅವನು ಮೆಟ್ರೊನೋಮಿನ ಕಡೆ ನೋಡಲಿಲ್ಲ, ಇನ್ನೊಂದು ಸಲ ನುಡಿಸುತ್ತೇನೆ ಸರ್ ಎಂದು ರವೆಯನ್ನು ಸರಿಮಾಡಿಕೊಂಡು ಕುಳಿತ.