ತೊಡೆ ಬೇರಾಗುವಲ್ಲಿ: ಮಳೆಗಾಲದಲ್ಲಿ ಜೇಡಿಮಣ್ಣಿನ ಶಿಲ್ಪ ಒಣಗಿಸುವುದು

ಕುಂದಾಪುರದ ಹಿನ್ನೀರಿನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ನೋಡಿದ್ದೀರಲ್ಲ, ಬೇರುಗಳ ಮೇಲೆ ನಿಂತ ಹಾಗೆ ಇರುತ್ತದೆ. ನನ್ನ ಟೆರಾಕೋಟಾ ಶಿಲ್ಪ ಅದೇ. ಸೊಂಟದಿಂದ ಮೇಲೆ ಹೆಂಗಸು, ತೊಡೆಯಿಂದ ಕೆಳಗೆ ಬೇರು. ಯೋಚನೆ ಹೊಸದಲ್ಲ. ಮೂಡುಬಿದಿರೆ ಹತ್ತಿರದ ಮೂಡು ಕೊಣಾಜೆಯಲ್ಲಿ, ಬೃಹತ್ ಶಿಲಾಯುಗದ ಸಮಾಧಿಗಳ ಜಾಗದಲ್ಲಿ ಸುಟ್ಟ ಮಣ್ಣಿನ ಗೊಂಬೆಗಳು ಸಿಕ್ಕಿದ್ದು 2023ರಲ್ಲಿ ಸುದ್ದಿಯಾಯಿತು. ಅದರಲ್ಲಿ ಒಂದಕ್ಕೆ ಮನುಷ್ಯನ ಮೈ, ಗೂಳಿಯ ತಲೆ. ಸಣ್ಣದು, ಆದರೆ ನನ್ನ ತಲೆಯಿಂದ ಹೋಗುವುದಿಲ್ಲ.

ಮೈ ಕಟ್ಟುವುದು, ಗೀರಿ ಸ್ಲಿಪ್ (ನೀರಲ್ಲಿ ಕಲಸಿದ ತೆಳು ಮಣ್ಣು) ಹಚ್ಚಿ ಅಂಟಿಸುವುದು ನಿಮಗೆ ಗೊತ್ತೇ ಇದೆ. ಬೆನ್ನ ಮೇಲೆ ನರ ಬೇಕಿದ್ದರೆ ತೇಗದ ಎಲೆಯ ಹಿಂಬದಿ ಒತ್ತಿ, ಚೆನ್ನಾಗಿ ಮೂಡುತ್ತದೆ.

ನಾನು ಸಿಕ್ಕಿಬಿದ್ದದ್ದು ಒಣಗಿಸುವಲ್ಲಿ. ಜುಲೈಯಲ್ಲಿ ಸುಟ್ಟ ಮೊದಲನೆಯದರ ತೊಡೆ ಸಿಡಿದು ಚೂರಾಯಿತು. "ಒಳಗೆ ಗಾಳಿ ಸಿಕ್ಕಿರಬೇಕು" ಅಂದರು. ನಂಬಿದೆ. ಎರಡನೆಯದಕ್ಕೆ ಕೈ ನೋಯುವಷ್ಟು ನಾದಿದೆ. ಅದೂ ಸಿಡಿಯಿತು.

ಸಿಡಿಸುವುದು ಗಾಳಿಯಲ್ಲ, ನೀರು. 100 ಡಿಗ್ರಿ ದಾಟಿದಾಗ ಮಣ್ಣಿನೊಳಗೆ ಉಳಿದ ನೀರು ಹಬೆಯಾಗಿ ಸುಮಾರು 1,700 ಪಟ್ಟು ಹಿಗ್ಗುತ್ತದೆ. ದಪ್ಪ ತೊಡೆಯೊಳಗಿಂದ ಅದಕ್ಕೆ ಬೇಗ ಹೊರಬರಲು ದಾರಿ ಇಲ್ಲ. ಪೂರ್ತಿ ಒಣಗಿದ ಮಣ್ಣಾದರೆ ಒಳಗೆ ಗಾಳಿಗುಳ್ಳೆ ಇದ್ದರೂ ತೊಂದರೆಯಿಲ್ಲ. ಆ ಗಾಳಿ ಸಣ್ಣ ಸಣ್ಣ ರಂಧ್ರಗಳಲ್ಲಿ ಸೋರಿಹೋಗುತ್ತದೆ.

ಆದರೆ ನಾನು ಮೂರು ವಾರ ಒಣಗಿಸಿದ್ದೆ ಅಲ್ವಾ? ಗೊಂದಲ ಇಲ್ಲೇ. ಎಲ್ಲರೂ ಹೇಳುವ ಪರೀಕ್ಷೆ, ಕೆನ್ನೆಗೆ ತಾಗಿಸಿ ನೋಡಿ, ತಣ್ಣಗಿದ್ದರೆ ಹಸಿ. ತಣ್ಣಗೆ ಅನಿಸುವುದು ನೀರು ಆರುತ್ತಿರುವುದರಿಂದ. ನಮ್ಮ ಮಂಗಳೂರಿನ ಮಳೆಗಾಲದಲ್ಲಿ ಗಾಳಿಯೇ ನೀರು ಕುಡಿದಿರುತ್ತದೆ. ಮಣ್ಣಿನ ನೀರು ಆರುವುದೇ ಕಷ್ಟ, ಹಾಗಾಗಿ ಹಸಿಯಿದ್ದರೂ ಕೆನ್ನೆಗೆ ತಣ್ಣಗಾಗುವುದಿಲ್ಲ. ದಿನಾ ತೂಕ ಹಾಕಿ, ತೂಕ ಇಳಿಯುವುದು ನಿಂತರೂ ಒಣಗಿತು ಅಂತಲ್ಲ. ಹೊರಗಿನ ಗಾಳಿಗೆ ಸರಿಸಮ ಆಯಿತು ಅಂತ ಅಷ್ಟೇ. ಉಳಿದ ನೀರನ್ನು ಸುಡುವ ಗೂಡಿನಲ್ಲೇ, ಅಂದರೆ ಕಿಲ್ನ್‌ನಲ್ಲೇ ತೆಗೆಯಬೇಕು. 90 ಡಿಗ್ರಿ ದಾಟಿಸದೆ, ಮುಚ್ಚಳ ಸ್ವಲ್ಪ ತೆರೆದು, ರಾತ್ರಿಯಿಡೀ ಇಡಿ. ಹೊಗೆಕಿಂಡಿಗೆ ಕನ್ನಡಿ ಹಿಡಿಯಿರಿ. ಮಬ್ಬಾದರೆ ಇನ್ನೂ ನೀರಿದೆ. ತೊಡೆಯನ್ನು ಮೊದಲೇ ಒಳಗಿಂದ ಕೊರೆದು, ಗೋಡೆ ಬೆರಳಿನಷ್ಟು ದಪ್ಪ ಉಳಿಯುವ ಹಾಗೆ ಮಾಡಿಕೊಳ್ಳಿ.

ಬಿರುಕಿನ ಕತೆ ಬೇರೆ. ತೆಳು ಬೇರು ಬೇಗ ಒಣಗಿ ಕುಗ್ಗುತ್ತದೆ, ತೊಡೆ ಇನ್ನೂ ಹಸಿ. ಮೈ ಗಿಡವಾಗುವ ಆ ಜಾಗದಲ್ಲೇ ಸೀಳುತ್ತದೆ. ಬೇರುಗಳಿಗೆ ಪ್ಲಾಸ್ಟಿಕ್ ಸುತ್ತಿ, ತೊಡೆ ಬಿಟ್ಟುಬಿಡಿ.

ಮೂರನೆಯದು ಈಗ ಕಿಲ್ನ್ ಒಳಗಿದೆ. ರಾತ್ರಿ ಹನ್ನೊಂದಾಯಿತು, ಕನ್ನಡಿ ಇನ್ನೂ ಮಬ್ಬಾಗುತ್ತಿದೆ.