ಹತ್ತಿದ ಗಾಡಿ ನಿಲ್ಲುತ್ತದೆ ಅಂತ ಯಾರು ಹೇಳಿದ್ದು?

“ನಮ್ಮ ಗಾಡಿಗೆ ಭರ್ಜರಿ ಗ್ರಿಪ್ ಇದೆ ಅಣ್ಣ, ನಿನ್ನೆ ಮಳೆಯಲ್ಲೂ ತೋಟದ ಏರು ಸಲೀಸಾಗಿ ಹತ್ತಿತು.” ಮಡಿಕೇರಿಯ ನನ್ನ ಟೈರ್ ಅಂಗಡಿಯಲ್ಲಿ ಜೂನ್ ಬಂತೆಂದರೆ ಈ ಮಾತು ಶುರು. ಕೇಳಿ ಕೇಳಿ ಸಾಕಾಗಿದೆ. ಹತ್ತಿತು, ಸರಿ. ಅದೇ ಏರನ್ನು ಇಳಿಯುವಾಗ ಬ್ರೇಕ್ ಹಾಕಿ ನೋಡಿದಿರಾ? ಎಲ್ಲಿ ನಿಂತಿತು? ಈ ಪ್ರಶ್ನೆಗೆ ಉತ್ತರ ಬರುವುದಿಲ್ಲ. ಗ್ರಿಪ್ ಅಂದರೆ ಹತ್ತುವುದು ಅಂತಲೇ ನಮ್ಮ ಜನ ಲೆಕ್ಕ ಹಾಕಿಕೊಂಡಿದ್ದಾರೆ.

ಈಗೀಗ ಇದೇ ಮಾತು ಹಿಮ ಬೀಳುವ ದೇಶಗಳಿಂದಲೂ ಬರುತ್ತಿದೆ. ಊರಿಗೆ ವಾಪಸ್ ಬರುವ ಮೊದಲು ನಾನು ಕೆಲವು ವರ್ಷ ಕೆನಡಾದ ಕ್ವಿಬೆಕ್‌ನಲ್ಲಿ ಟೈರ್ ಬದಲಿಸುವ ಕೆಲಸದಲ್ಲಿದ್ದೆ. ಇದು ಗೊತ್ತಿರುವವರು, ಮಗನೋ ಮಗಳೋ ಅಲ್ಲಿ ಕಾರು ತಗೊಂಡ ಕೂಡಲೇ ಫೋನ್ ಹಿಡಿದು ನನ್ನ ಬಳಿ ಬರುತ್ತಾರೆ. ಕೊಡಗಿನ ಮಕ್ಕಳಿಗೆ ಗಾಡಿ ಹುಚ್ಚು ಹುಟ್ಟಿನಿಂದಲೇ ಬಂದದ್ದು. ಕೈಗೆ ಸಂಬಳ ಬಂದ ತಕ್ಷಣ ಮಾಜ್ದಾ ಎಂಎಕ್ಸ್-5, ಟೊಯೋಟಾ 86, ಹಳೆಯ ಬಿಎಂಡಬ್ಲ್ಯು ಕೂಪೆ, ಇಂಥದ್ದೇ ಬೇಕು. ಎಲ್ಲ ರಿಯರ್ ವೀಲ್ ಡ್ರೈವ್, ಅಂದರೆ ಎಂಜಿನ್ ಹಿಂದಿನ ಚಕ್ರವನ್ನಷ್ಟೇ ತಿರುಗಿಸುವ ಗಾಡಿಗಳು. ತಗೊಳ್ಳಲಿ ಬಿಡಿ. ಹಿಮದಲ್ಲಿ ಅವನ್ನು ಓಡಿಸಲೇಬಾರದು ಅನ್ನುವವನು ನಾನಲ್ಲ. ಚಳಿಗಾಲದುದ್ದಕ್ಕೂ ಅಂಥ ಕಾರಿನಲ್ಲೇ ಕೆಲಸಕ್ಕೆ ಹೋಗಿಬರುವವರನ್ನು ಅಲ್ಲಿ ದಿನವೂ ನೋಡುತ್ತಿದ್ದೆ.

ಕಳೆದ ಜನವರಿಯಲ್ಲಿ ಗೋಣಿಕೊಪ್ಪ ಕಡೆಯ ಬೆಳೆಗಾರರೊಬ್ಬರು ಬಂದರು. ಕಾಫಿ ಕೊಯ್ಲಿನ ಸಮಯ, ಕಣ ಬಿಟ್ಟು ಬಂದಿದ್ದರು. ಮಗ ಕಳಿಸಿದ ವಿಡಿಯೋ ತೋರಿಸಿದರು. ಹಿಮ ಮುಚ್ಚಿದ ಏರು, ಅದರ ಮೇಲೆ ಕೆಂಪು ಕಾರು ಸರಾಗವಾಗಿ ಹತ್ತುತ್ತಿದೆ. “ನೋಡಿ, ಹಿಂದೆ ಎರಡು ಸ್ನೋ ಟೈರ್ ಹಾಕಿಸಿದ್ದಾನೆ. ಎಳೆಯೋದು ಹಿಂದಿನ ಚಕ್ರ ತಾನೇ? ನಾಲ್ಕಕ್ಕೆ ಯಾಕೆ ದುಡ್ಡು ಹಾಕಬೇಕು?” ಅಂದರು. ಮುಖದಲ್ಲಿ ಹೆಮ್ಮೆ. ನನಗೆ ಎದೆ ಧಸಕ್ಕಂದಿತು. ಅಲ್ಲೇ ಹುಡುಗನಿಗೆ ಫೋನ್ ಹಚ್ಚಿಸಿದೆ. ಅಲ್ಲಿ ನಡುರಾತ್ರಿ ದಾಟಿತ್ತು. ನಿದ್ದೆಗಣ್ಣಲ್ಲಿ ಎದ್ದ ಅವನಿಗೆ ಮೊದಲು ಹೇಳಿದ್ದು ಇಷ್ಟೇ: “ಮುಂದಿನ ಎರಡೂ ಬದಲಾಗುವ ತನಕ ಕಾರು ತೆಗೀಬೇಡ ಮಗ.”

ಯಾಕೆ ಅಂತ ನಿಧಾನವಾಗಿ ಹೇಳುತ್ತೇನೆ. ಎಂಜಿನ್ ಯಾವ ಚಕ್ರವನ್ನು ತಿರುಗಿಸುತ್ತದೆ ಅನ್ನುವುದು ಗಾಡಿ ಮುಂದೆ ಹೋಗುವುದಕ್ಕೆ ಮಾತ್ರ ಸಂಬಂಧಪಟ್ಟದ್ದು. ಬ್ರೇಕ್ ನಾಲ್ಕೂ ಚಕ್ರಕ್ಕೆ ಇದೆ. ಬ್ರೇಕ್ ಒತ್ತಿದಾಗ ಗಾಡಿಯ ತೂಕ ಮುಂದಕ್ಕೆ ಬಾಗುತ್ತದೆ. ಹಾಗಾಗಿ ನಿಲ್ಲಿಸುವ ಕೆಲಸದಲ್ಲಿ ಹೆಚ್ಚಿನ ಪಾಲು ಮುಂದಿನ ಟೈರಿನದೇ. ತಿರುಗಿಸುವುದೂ ಅದೇ. ಹಿಂದೆ ಸ್ನೋ ಟೈರ್, ಮುಂದೆ ಬೇಸಿಗೆ ಟೈರ್ ಇದ್ದರೆ ಕಾರು ಚೆನ್ನಾಗಿ ಹತ್ತುತ್ತದೆ, ಚೆನ್ನಾಗಿ ವೇಗ ಹಿಡಿಯುತ್ತದೆ. ತಿರುವು ಬಂದಾಗ ಸ್ಟೀರಿಂಗ್ ತಿರುಗಿಸಿದರೂ ನೇರ ಹೋಗುತ್ತದೆ. ಸರಿ, ಎರಡನ್ನೂ ಮುಂದಕ್ಕೆ ಹಾಕಿದರೆ? ಆಗ ಮುಂಭಾಗ ರಸ್ತೆ ಹಿಡಿಯುತ್ತದೆ, ಹಿಂಭಾಗ ಬೀಸಿಕೊಂಡು ಪಕ್ಕಕ್ಕೆ ಬರುತ್ತದೆ. ಎರಡೂ ಕೆಟ್ಟದ್ದೇ. ಹಿಮಕ್ಕೆ ನಾಲ್ಕೂ ಒಂದೇ ಜಾತಿಯ ಟೈರ್ ಬೇಕು. ಇದರಲ್ಲಿ ಚೌಕಾಸಿ ಇಲ್ಲ.

ಫೋರ್ ವೀಲ್ ಡ್ರೈವ್ ಇದ್ದವರಿಗೂ ಇದೇ ಮಾತು. ನಾಲ್ಕು ಚಕ್ರ ಎಳೆದರೆ ಹೊರಡುವುದು ಸುಲಭ, ಅಷ್ಟೇ. ನಿಲ್ಲುವಾಗ ಅವರ ಬಳಿ ಇರುವುದೂ ನಾಲ್ಕೇ ಟೈರ್. ಒಂದೊಂದು ಟೈರೂ ನೆಲಕ್ಕೆ ತಾಗುವುದು ಅಂಗೈಯಷ್ಟು ಜಾಗದಲ್ಲಿ. ಅಷ್ಟರಲ್ಲೇ ಎಳೆಯಬೇಕು, ತಿರುಗಬೇಕು, ನಿಲ್ಲಬೇಕು. ಒಂದು ಕೆಲಸಕ್ಕೆ ಜಾಸ್ತಿ ಕೊಟ್ಟರೆ ಇನ್ನೊಂದಕ್ಕೆ ಉಳಿಯುವುದಿಲ್ಲ. ರಿಯರ್ ವೀಲ್ ಡ್ರೈವ್ ಗಾಡಿಯ ಹಿಂಭಾಗ ತಿರುವಿನಲ್ಲಿ ಜಾರುವುದೂ ಇದಕ್ಕೇ. ಪಕ್ಕಕ್ಕೆ ಜಾರದಂತೆ ಹಿಡಿದುಕೊಂಡಿರುವ ಟೈರಿಗೆ ನೀವು ಆಕ್ಸಿಲರೇಟರ್ ಒತ್ತಿ ಎಳೆಯುವ ಕೆಲಸವನ್ನೂ ಹೇರುತ್ತೀರಿ. ಅದು ಕೈಬಿಡುತ್ತದೆ.

ಸ್ಪೋರ್ಟ್ಸ್ ಕಾರಿಗೆ ಇನ್ನೂ ಒಂದು ತೊಂದರೆ ಇದೆ. ಅವುಗಳಲ್ಲಿ ಬಹಳಷ್ಟು ಬರುವುದೇ ಅಗಲದ ಬೇಸಿಗೆ ಟೈರಿನ ಜೊತೆ. ಆ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತಾ ಹೋಗುತ್ತದೆ. ಹಿಮ ಬೀಳಲೇಬೇಕು ಅಂತಿಲ್ಲ, ಒಣ ರಸ್ತೆಯಲ್ಲೂ ಹಿಡಿತ ಕಮ್ಮಿ. ಚಳಿಗಾಲದ ಟೈರಿನ ರಬ್ಬರು ಚಳಿಯಲ್ಲೂ ಮೆತ್ತಗಿರುತ್ತದೆ. ಅದರ ಒಂದೊಂದು ಬ್ಲಾಕಿನ ಮೇಲೂ ಬ್ಲೇಡಿನಲ್ಲಿ ಸೀಳಿದ ಹಾಗೆ ಸಣ್ಣ ಸಣ್ಣ ಗೆರೆಗಳಿರುತ್ತವೆ. ಹಿಮವನ್ನು ಕಚ್ಚುವುದು ಅವೇ. ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹೂ, ಈ ಗುರುತು ನೋಡಿ ತಗೊಳ್ಳಬೇಕು. ಬರೀ ‘ಎಂ ಪ್ಲಸ್ ಎಸ್’ (ಮಡ್ ಮತ್ತು ಸ್ನೋ, ಅಂದರೆ ಕೆಸರು ಮತ್ತು ಹಿಮ) ಅಂತ ಬರೆದಿದ್ದರೆ ಸಾಲದು. ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರ್ ಕಡ್ಡಾಯ. ಅಕ್ಟೋಬರಿನಲ್ಲೇ ಅಂಗಡಿಗೆ ಫೋನ್ ಮಾಡಿ ದಿನ ಹಿಡಿದಿಟ್ಟುಕೊಳ್ಳಿ. ಮೊದಲ ಹಿಮ ಬಿದ್ದ ದಿನದ ಸಾಲು ನಾನು ನೋಡಿದ್ದೇನೆ.

ಅಗಲ ಜಾಸ್ತಿ ಇದ್ದರೆ ಹಿಡಿತ ಜಾಸ್ತಿ ಅನ್ನುವ ನಂಬಿಕೆಯೂ ಹಿಮದಲ್ಲಿ ನಡೆಯುವುದಿಲ್ಲ. ಅಗಲದ ಟೈರು ಹಿಮದ ಮೇಲೆ ತೇಲುತ್ತದೆ, ಕಿರಿದಾದದ್ದು ಅದನ್ನು ಸೀಳಿಕೊಂಡು ಕೆಳಗೆ ತಲುಪುತ್ತದೆ. ಆದ್ದರಿಂದ ಚಳಿಗಾಲಕ್ಕೆ ಒಂದಿಂಚು ಚಿಕ್ಕ ರಿಮ್ಮು, ಸ್ವಲ್ಪ ಕಿರಿದಾದ ಟೈರ್ ಹಾಕಿಸುವವರು ಅಲ್ಲಿ ಬಹಳ. ಆದರೆ ಕಾರಿನ ಕಂಪನಿ ಒಪ್ಪಿದ ಅಳತೆಯೊಳಗೇ ಇರಲಿ. ರಿಮ್ಮು ಒಳಗಿನ ಬ್ರೇಕ್ ಕ್ಯಾಲಿಪರ್‌ಗೆ, ಅಂದರೆ ಬ್ರೇಕ್ ಡಿಸ್ಕನ್ನು ಹಿಡಿಯುವ ಭಾಗಕ್ಕೆ ತಾಗಬಾರದು. ಕಾರು ನೋಡದೆ ನಾನು ಅಳತೆ ಹೇಳುವುದಿಲ್ಲ, ದಯವಿಟ್ಟು ವಾಟ್ಸಾಪಿನಲ್ಲಿ ಕೇಳಬೇಡಿ.

ಡಿಕ್ಕಿಯಲ್ಲಿ ಮರಳಿನ ಚೀಲ ಇಡುವ ಉಪಾಯವೂ ಉಂಟು. ನಮ್ಮಲ್ಲಿ ಖಾಲಿ ಪಿಕಪ್ಪಿನ ಹಿಂಭಾಗ ಒದ್ದೆ ರಸ್ತೆಯಲ್ಲಿ ಅತ್ತಿತ್ತ ಜಾರುತ್ತದೆ ಅಂತ ಮೂಟೆ ಹಾಕಿಕೊಳ್ಳುತ್ತಾರಲ್ಲ, ಹಾಗೇ. ಹಿಂದಿನ ಚಕ್ರದ ಮೇಲೆ ತೂಕ ಬಿದ್ದರೆ ಹೊರಡಲು ಅನುಕೂಲ, ನಿಜ. ಆದರೆ ಆ ತೂಕವನ್ನೂ ನಿಲ್ಲಿಸಬೇಕಲ್ವಾ? ಕಟ್ಟದೆ ಇಟ್ಟ ಚೀಲ ಬ್ರೇಕ್ ಹಾಕಿದಾಗ ಎಲ್ಲಿಗೆ ನುಗ್ಗುತ್ತದೆ ಅಂತಲೂ ಯೋಚಿಸಿ. ಸರಿಯಾದ ಟೈರ್ ಹಾಕಿದ ಮೇಲೂ ಬೇಕು ಅನ್ನಿಸಿದರೆ ಭದ್ರವಾಗಿ ಕಟ್ಟಿ ಇಡಿ.

ಆ ಹುಡುಗನಿಗೆ ಅವರಪ್ಪ ಇನ್ನೊಂದು ಬುದ್ಧಿ ಹೇಳಿದ್ದರು. ಸಂಪಾಜೆ ಘಾಟಿ ಇಳಿಯುವ ಹಾಗೆ ಸೆಕೆಂಡ್ ಗೇರಿಗೆ ಹಾಕಿ ಇಳಿ ಅಂತ. ಘಾಟಿಯ ಮಾತು ಸರಿಯೇ. ಬ್ರೇಕ್ ಕಾಯದಂತೆ ಇಳಿಯುವುದನ್ನು ನಮ್ಮ ಹಿರಿಯ ಡ್ರೈವರುಗಳಿಂದ ಕಲಿಯಬೇಕು. ಆದರೆ ರಿಯರ್ ವೀಲ್ ಡ್ರೈವ್‌ನಲ್ಲಿ ಹೀಗೆ ಗೇರಿನಿಂದ ವೇಗ ಇಳಿಸುವ ಎಂಜಿನ್ ಹಿಡಿತ ಪೂರ್ತಿ ಬೀಳುವುದು ಹಿಂದಿನ ಎರಡು ಚಕ್ರದ ಮೇಲೆ. ಹಿಮಗಟ್ಟಿದ ತಿರುವಿನ ನಡುವೆ ಗೇರ್ ಇಳಿಸಿ ಕ್ಲಚ್ಚನ್ನು ಫಟ್ಟಂತ ಬಿಟ್ಟರೆ ಹಿಂದಿನ ಚಕ್ರ ಜಾರುತ್ತದೆ. ಹ್ಯಾಂಡ್ ಬ್ರೇಕ್ ಎಳೆದದ್ದಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ. ಇಳಿಜಾರು ಶುರುವಾಗುವ ಮೊದಲೇ, ನೇರ ರಸ್ತೆಯಲ್ಲಿ ಗೇರ್ ಬದಲಿಸಿ. ಕ್ಲಚ್ಚು ಮೆಲ್ಲಗೆ ಬಿಡಿ. ಮಕುಟ್ಟದ ತಿರುವುಗಳಲ್ಲಿ ಆಷಾಢದ ಮಳೆಗೂ ಇದು ಒಪ್ಪುತ್ತದೆ.

ನಮ್ಮೂರಿನ ವಿಷಯಕ್ಕೇ ಬರುತ್ತೇನೆ. ಇಲ್ಲಿ ಹಿಮ ಇಲ್ಲ, ಪಾಚಿ ಇದೆ. ತೋಟದೊಳಗಿನ ಕಾಂಕ್ರೀಟ್ ರಸ್ತೆ ಜುಲೈ ಹೊತ್ತಿಗೆ ಹಸಿರಾಗಿರುತ್ತದೆ. ಅದರ ಮೇಲೆ ಸಿಲ್ವರ್ ಓಕ್ ಎಲೆ ಬಿದ್ದು ಕೊಳೆತಿರುತ್ತದೆ. ಚಪ್ಪಲಿ ಹಾಕಿ ನಡೆದು ನೋಡಿ, ಗೊತ್ತಾಗುತ್ತದೆ. ಟೂ ವೀಲ್ ಡ್ರೈವ್ ಥಾರ್, ಬೊಲೆರೊ, ಇನ್ನೋವಾ ಕ್ರಿಸ್ಟಾ, ಹಳೆಯ ಓಮ್ನಿ, ಎಲ್ಲವೂ ಹಿಂದಿನ ಚಕ್ರದಿಂದ ಓಡುವ ಗಾಡಿಗಳೇ. ಎಳೆಯುವ ಚಕ್ರ ಆದ್ದರಿಂದ ಹಿಂದಿನ ಟೈರ್ ಸಾಮಾನ್ಯವಾಗಿ ಬೇಗ ಸವೆಯುತ್ತದೆ. ಹೊಸದೆರಡು ಟೈರ್ ತಗೊಂಡವರು ಮಾತ್ರ “ಮುಂದಕ್ಕೆ ಹಾಕಿ, ಹಿಂದಿಂದು ಹೇಗೂ ನಡೆಯುತ್ತೆ” ಅನ್ನುತ್ತಾರೆ. ನಡೆಯುವುದಿಲ್ಲ. ನಾಲ್ಕೂ ಒಂದೇ ಜಾತಿಯ ಟೈರ್ ಇದ್ದು ಎರಡನ್ನೇ ಬದಲಿಸುವುದಾದರೆ, ಹೆಚ್ಚು ಗೆರೆ (ಟೈರಿನ ಮೇಲ್ಮೈಯ ದೊಡ್ಡ ಕೊರಕಲು) ಉಳಿದದ್ದು ಹಿಂದೆ ಇರಬೇಕು. ಗಾಡಿ ಯಾವ ಚಕ್ರದಿಂದ ಓಡಿದರೂ ಸರಿ. ಮುಂಭಾಗ ಜಾರಿದರೆ ಕಾಲು ತೆಗೆದು ವೇಗ ಇಳಿಸಿ ಸುಧಾರಿಸಿಕೊಳ್ಳಬಹುದು. ಹಿಂಭಾಗ ಬೀಸಿದರೆ ಹೆಚ್ಚಿನವರಿಗೆ ಏನಾಯಿತು ಅಂತ ತಿಳಿಯುವಷ್ಟರಲ್ಲಿ ಗಾಡಿ ಚರಂಡಿಯಲ್ಲಿರುತ್ತದೆ.

ಇದನ್ನು ಓದಿ ಯಾರೋ “ಮತ್ತೆ ಆ ಹುಡುಗ ಮಾಡಿದ್ದೂ ಅದೇ ತಾನೇ?” ಅಂತ ಕೇಳುತ್ತೀರಿ, ಗೊತ್ತು. ಅಲ್ಲ. ಅವನ ಮುಂದಿನದು ಬೇರೆ ಜಾತಿಯ ಟೈರು, ಆ ಚಳಿಗೆ ಕೆಲಸಕ್ಕೇ ಬಾರದ್ದು. ಇಲ್ಲಿ ನಾನು ಹೇಳುತ್ತಿರುವುದು ಒಂದೇ ಜಾತಿಯಲ್ಲಿ ಹೊಸತು, ಹಳತು ಅಷ್ಟೇ. ಮುಂದಿನದೂ ಯೋಗ್ಯವಾಗಿರಲೇಬೇಕು. ಬೋಳು ಟೈರನ್ನು ನಾನು ಎಲ್ಲಿಗೂ ಹಾಕಿಕೊಡುವುದಿಲ್ಲ, ಬೈದುಕೊಂಡು ಬೇರೆ ಅಂಗಡಿಗೆ ಹೋದರೂ ಸರಿಯೇ. ನಿಯಮದಲ್ಲಿ ಗೆರೆಯ ಆಳ ಕನಿಷ್ಠ 1.6 ಮಿಲಿಮೀಟರ್. ನಮ್ಮ ಮಳೆಗೆ 3 ಮಿಲಿಮೀಟರ್ ಇದ್ದಾಗಲೇ ಬದಲಿಸಿ ಅನ್ನುತ್ತೇನೆ. ಹಿಮಕ್ಕಾದರೆ 4. ಗೆರೆ ಇದ್ದರೂ ವಯಸ್ಸು ನೋಡಿ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ತೋಟದ ಶೆಡ್ಡಿನಲ್ಲಿ ನಿಂತೇ ಇದ್ದ ಜೀಪಿನ ಟೈರಿಗೆ ಗೆರೆ ತುಂಬಾ ಇರುತ್ತದೆ. ಆದರೆ ಉಗುರು ಒತ್ತಿದರೆ ಇಳಿಯುವುದಿಲ್ಲ, ಪಕ್ಕದಲ್ಲಿ ಕೂದಲೆಳೆ ಬಿರುಕು ಬಿಟ್ಟಿರುತ್ತದೆ.

ಆ ಹುಡುಗ ಮುಂದಿನ ಎರಡೂ ಹಾಕಿಸಿದ. ಆಮೇಲೆ ನಾನು ಹೇಳಿದಂತೆ, ಬಳಸಲು ಅನುಮತಿ ಇದ್ದ ಖಾಲಿ ಪಾರ್ಕಿಂಗ್ ಜಾಗಕ್ಕೆ ಹೋಗಿ 20 ಕಿಲೋಮೀಟರ್ ವೇಗದಲ್ಲಿ ಬ್ರೇಕ್ ಹಾಕಿ ನೋಡಿದ, ಆಮೇಲೆ 40ರಲ್ಲಿ. ವೇಗ ಎರಡರಷ್ಟಾದರೆ ನಿಲ್ಲುವ ದೂರ ಹೆಚ್ಚುಕಮ್ಮಿ ನಾಲ್ಕರಷ್ಟಾಗುತ್ತದೆ. ಅದನ್ನು ಕಣ್ಣಾರೆ ಕಂಡು ಫೋನ್ ಮಾಡಿದ. “ಪೆಡಲ್ ಗಡಗಡ ಅಂತ ಕಾಲನ್ನೇ ಒದೆಯುತ್ತೆ ಅಂಕಲ್, ಹೆದರಿ ಬಿಟ್ಟುಬಿಟ್ಟೆ” ಅಂದ. ಅದು ಎಬಿಎಸ್, ಅಂದರೆ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ, ಕೆಲಸ ಮಾಡುವ ಸದ್ದು. ಬಿಡಬಾರದು, ಒತ್ತಿಯೇ ಹಿಡಿಯಬೇಕು, ಆಗ ಸ್ಟೀರಿಂಗ್ ನಿಮ್ಮ ಮಾತು ಕೇಳುತ್ತದೆ. ಮಾರನೆಯ ದಿನ ಮತ್ತೆ ಹೋಗಿ ಅದೊಂದನ್ನೇ ಅಭ್ಯಾಸ ಮಾಡು ಅಂದೆ.