ಪಿಂಟ್, ಮೈಲಿ, ಕಿಲೋ: ಬ್ರಿಟನ್ನಿನ ಅಳತೆ ಅರ್ಧ ದಾರಿಯಲ್ಲಿ ನಿಂತ ಬಗೆ

ಬ್ರಿಟನ್ನಿನ ಬಂಕ್‌ಗಳಲ್ಲಿ ಪೆಟ್ರೋಲ್ ಲೀಟರಿನ ಲೆಕ್ಕದಲ್ಲಿ ಮಾರಾಟವಾಗುತ್ತದೆ, ಆದರೆ ಕಾರಿನ ಮೈಲೇಜ್ ಹೇಳುವಾಗ ಗ್ಯಾಲನ್ನಿಗೆ ಎಷ್ಟು ಮೈಲಿ ಎಂದೇ ಹೇಳುತ್ತಾರೆ. ಪಬ್ಬಿನಲ್ಲಿ ಬಿಯರನ್ನು ಪಿಂಟಿನಲ್ಲಿ, ಅಂದರೆ 568 ಮಿಲಿಲೀಟರಿನ ಗ್ಲಾಸಿನಲ್ಲಿ ಕೊಡುತ್ತಾರೆ. ಅದೇ ಕೌಂಟರಿನಲ್ಲಿ ವೈನ್ ಕೇಳಿದರೆ ಅಳತೆ 125 ಅಥವಾ 175 ಮಿಲಿಲೀಟರ್. ಅಲ್ಲಿನ ರಾಜಕೀಯದಲ್ಲಿ ಈ ಬೆರಕೆ ಆಗಾಗ ದೊಡ್ಡ ವಿವಾದವಾಗಿ ಎದ್ದು ನಿಲ್ಲುತ್ತದೆ. ಕಿಲೋ ಮತ್ತು ಮೀಟರುಗಳನ್ನು ಯುರೋಪು ಹೇರಿತು ಎಂಬ ಮಾತು ಎಷ್ಟು ಬಾರಿ ಕೇಳಿಬಂದಿದೆಯೆಂದರೆ, ಘಟನೆಗಳ ನಿಜವಾದ ಅನುಕ್ರಮವೇ ಮರೆತುಹೋದಂತಿದೆ.

ಪೌಂಡು, ಮೈಲಿ, ಪಿಂಟ್‌ಗಳಂತಹ ಬ್ರಿಟನ್ನಿನ ಹಳೆಯ ಅಳತೆಗಳಿಗೆ, ಅಂದರೆ ಇಂಪೀರಿಯಲ್ ಅಳತೆಗಳಿಗೆ, ಕಾನೂನಿನ ರೂಪ ಸಿಕ್ಕಿದ್ದು 1824ರ ಕಾಯ್ದೆಯಿಂದ. ನಲವತ್ತು ವರ್ಷ ಕಳೆಯುವಷ್ಟರಲ್ಲಿ, 1864ರಲ್ಲಿ, ಒಪ್ಪಂದಗಳಲ್ಲಿ ಮೆಟ್ರಿಕ್ ಬಳಸಲು ಸಂಸತ್ತು ಅನುಮತಿ ಕೊಟ್ಟಿತು; 1871ರಲ್ಲಿ ಅದನ್ನು ಕಡ್ಡಾಯಗೊಳಿಸುವ ಮಸೂದೆ ಐದೇ ಮತಗಳಿಂದ ಬಿದ್ದುಹೋಯಿತು; 1951ರಲ್ಲಿ ಸರ್ಕಾರ ನೇಮಿಸಿದ್ದ ಹಾಜ್ಸನ್ ಸಮಿತಿ ಮತ್ತೆ ಅದೇ ಶಿಫಾರಸು ಮಾಡಿತು.

ಕೊನೆಗೆ 1965ರ ಮೇ 24ರಂದು, ರಫ್ತಿನ ಮಾರುಕಟ್ಟೆಯ ಚಿಂತೆಯಲ್ಲಿದ್ದ ಕೈಗಾರಿಕೆಗಳ ಒತ್ತಾಯಕ್ಕೆ ಓಗೊಟ್ಟು, ಹತ್ತು ವರ್ಷಗಳಲ್ಲಿ ದೇಶದ ಬಹುಪಾಲು ವ್ಯವಹಾರ ಮೆಟ್ರಿಕ್ಕಿಗೆ ಬದಲಾಗಬೇಕೆಂದು ಸರ್ಕಾರ ಪ್ರಕಟಿಸಿತು. ಬ್ರಿಟನ್ ಯುರೋಪಿಯನ್ ಸಮುದಾಯವನ್ನು (ಇಂದಿನ ಯುರೋಪಿಯನ್ ಒಕ್ಕೂಟದ ಹಿಂದಿನ ರೂಪ) ಸೇರಿದ್ದು ಇದಾಗಿ ಎಂಟು ವರ್ಷಗಳ ಮೇಲೆ, 1973ರಲ್ಲಿ, ಎಂಬುದನ್ನು ಇಲ್ಲಿ ಗಮನಿಸಬೇಕು. 1969ರಲ್ಲಿ ರಚನೆಯಾದ ಮೆಟ್ರಿಕ್ ಮಂಡಳಿಗೆ ಸಲಹೆ ಕೊಡುವ ಅಧಿಕಾರವಿತ್ತೇ ಹೊರತು ಕಡ್ಡಾಯಗೊಳಿಸುವ ಅಧಿಕಾರ ಇರಲಿಲ್ಲ. ಶಾಲೆಗಳು ಬದಲಾದವು, ಕಾರ್ಖಾನೆಗಳು ಬದಲಾದವು, 1974ರಲ್ಲಿ ಆರ್ಡ್ನೆನ್ಸ್ ಸರ್ವೆ ಸಂಸ್ಥೆ ಮೈಲಿಗೆ ಒಂದು ಇಂಚಿನ ತನ್ನ ಹೆಸರಾಂತ ನಕ್ಷೆಗಳ ಜಾಗದಲ್ಲಿ 1:50,000 ಪ್ರಮಾಣದ ನಕ್ಷೆಗಳನ್ನು ಹೊರತರಲು ಆರಂಭಿಸಿತು. ಆದರೆ 1973ಕ್ಕೆ ಬದಲಾಗಬೇಕಿದ್ದ ರಸ್ತೆ ಫಲಕಗಳ ಯೋಜನೆಯನ್ನು 1970ರ ಡಿಸೆಂಬರಿನಲ್ಲೇ ಕೈಬಿಡಲಾಗಿತ್ತು. ನಡುವೆ 1971ರ ಫೆಬ್ರವರಿ 15ರಂದು, ಪೌಂಡಿಗೆ 240 ಪೆನ್ನಿಗಳಿದ್ದ ಹಳೆಯ ನಾಣ್ಯ ಪದ್ಧತಿ ಹೋಗಿ 100 ಪೆನ್ನಿಗಳ ಪದ್ಧತಿ ಬಂದಾಗ, ವ್ಯಾಪಾರಿಗಳು ಬೆಲೆ ಏರಿಸಿದರೆಂಬ ಅಸಮಾಧಾನ ಜನರಲ್ಲಿ ಹುಟ್ಟಿತು. ಅದರ ಬಿಸಿ ಅಳತೆಯ ಸುಧಾರಣೆಗೂ ತಟ್ಟಿತು. 1980ರಲ್ಲಿ ಮಂಡಳಿಯನ್ನೇ ಮುಚ್ಚಲಾಯಿತು.

ನಮ್ಮಲ್ಲಿ 1956ರಲ್ಲಿ ಕಾಯ್ದೆ ಬಂದು, ಕೆಲವೇ ವರ್ಷಗಳಲ್ಲಿ ಸೇರು, ಚಟಾಕುಗಳು ಅಂಗಡಿಯ ಲೆಕ್ಕದಿಂದ ಹೊರಬಿದ್ದವು. ಬೆಂಗಳೂರಿನಲ್ಲಿ ಸೈಟು ಕೊಳ್ಳುವವರು ಇಂದಿಗೂ ಮೂವತ್ತು–ನಲವತ್ತು ಅಡಿಯ ಲೆಕ್ಕದಲ್ಲೇ ಮಾತನಾಡುತ್ತಾರೆಂಬುದು ನಿಜ, ಆದರೆ ಅದು ಚುನಾವಣೆಯ ವಿಷಯವಾಗಿಲ್ಲ. ಆಸ್ಟ್ರೇಲಿಯಾ 1974ರ ಜುಲೈನಲ್ಲಿ ತನ್ನ ರಸ್ತೆ ಫಲಕಗಳನ್ನು ಕಿಲೋಮೀಟರಿಗೆ ಬದಲಾಯಿಸಿ ಆ ಅಧ್ಯಾಯವನ್ನು ಮುಗಿಸಿತು. ಬ್ರಿಟನ್ ಮಾತ್ರ ಉಳಿದ ಕೆಲಸವನ್ನು ಮುಂದೂಡುತ್ತ ಹೋಯಿತು. ಆ ಹೊತ್ತಿಗೆ ಅಳತೆಯ ನಿಯಮಗಳು ಯುರೋಪಿನ ಒಟ್ಟು ನಿಯಮಗಳ ಭಾಗವಾಗಿದ್ದರಿಂದ, ಸ್ವಂತ ನಿರ್ಧಾರವಾಗಿದ್ದದ್ದು ಹೊರಗಿನ ಆಜ್ಞೆಯಂತೆ ಕಾಣತೊಡಗಿತು. ಪೊಟ್ಟಣ ಕಟ್ಟಿದ ಸರಕುಗಳಿಗೆ 1995ರ ಅಕ್ಟೋಬರ್ 1ರಿಂದ, ಬಿಡಿಯಾಗಿ ತೂಗಿ ಮಾರುವ ಸರಕುಗಳಿಗೆ 2000ದ ಜನವರಿ 1ರಿಂದ ಮೆಟ್ರಿಕ್ ಕಡ್ಡಾಯವಾಯಿತು.

ಆ ವರ್ಷದ ಜುಲೈನಲ್ಲಿ ಉತ್ತರ ಇಂಗ್ಲೆಂಡಿನ ಸಂಡರ್‌ಲ್ಯಾಂಡ್ ನಗರದ ಮಾರುಕಟ್ಟೆಯಲ್ಲಿ ಅಧಿಕಾರಿಗಳು ಸ್ಟೀವನ್ ಥೋಬರ್ನ್ ಎಂಬ ಹಣ್ಣು–ತರಕಾರಿ ವ್ಯಾಪಾರಿಯ ತೂಕದ ಯಂತ್ರಗಳನ್ನು ವಶಪಡಿಸಿಕೊಂಡರು. ಬಾಳೆಹಣ್ಣನ್ನು ಪೌಂಡಿನ ಲೆಕ್ಕದಲ್ಲಿ ಮಾರಿದ್ದೇ ಅಪರಾಧವಾಯಿತೆಂದು ಪತ್ರಿಕೆಗಳು ಬರೆದವು, ಜನ ಇಂದಿಗೂ ಹಾಗೆಯೇ ನೆನೆಯುತ್ತಾರೆ. ವಾಸ್ತವದಲ್ಲಿ ಅವರ ಮೇಲಿದ್ದ ಆರೋಪ ಇನ್ನಷ್ಟು ಸಣ್ಣದು, ಇನ್ನಷ್ಟು ಒಣದು. ಪೌಂಡು–ಔನ್ಸುಗಳನ್ನು ಮಾತ್ರ ತೋರಿಸುವ ಅವರ ಯಂತ್ರಗಳ ಸರ್ಕಾರಿ ಮುದ್ರೆಯನ್ನು ಅಧಿಕಾರಿಗಳು ಅದಕ್ಕೂ ಮೊದಲೇ ಅಳಿಸಿಹಾಕಿದ್ದರು. ಮುದ್ರೆ ಇಲ್ಲದ ಯಂತ್ರದಲ್ಲಿ ವ್ಯಾಪಾರ ಮುಂದುವರಿಸಿದ್ದು ಅವರ ತಪ್ಪಾಯಿತು. 2001ರಲ್ಲಿ ಶಿಕ್ಷೆಯೆಂದು ಬಂದದ್ದು ದಂಡವೂ ಅಲ್ಲ, ಸೆರೆಮನೆಯೂ ಅಲ್ಲ, ಷರತ್ತಿನ ಬಿಡುಗಡೆ, ಅಂದರೆ ಗೊತ್ತುಪಡಿಸಿದ ಅವಧಿಯಲ್ಲಿ ಮತ್ತೆ ತಪ್ಪು ಮಾಡದಿದ್ದರೆ ಶಿಕ್ಷೆಯಿಲ್ಲ. ಆದರೆ ಪತ್ರಿಕೆಗಳು ಅವರನ್ನೂ ಅಂತಹದೇ ಪ್ರಕರಣಗಳಲ್ಲಿದ್ದ ಇತರ ಕೆಲವು ವ್ಯಾಪಾರಿಗಳನ್ನೂ ಅದಾಗಲೇ 'ಮೆಟ್ರಿಕ್ ಹುತಾತ್ಮರು' ಎಂದು ಕರೆಯುತ್ತಿದ್ದವು.

ಮೇಲ್ಮನವಿಯಲ್ಲಿ ವಾದ ಬಾಳೆಹಣ್ಣನ್ನು ಬಿಟ್ಟು ಬಹುದೂರ ಸಾಗಿತು. 1985ರ ತೂಕ ಮತ್ತು ಅಳತೆ ಕಾಯ್ದೆ ಪೌಂಡು, ಕಿಲೋ ಎರಡನ್ನೂ ಒಪ್ಪಿದೆ. ನಂತರದ ಕಾಯ್ದೆ ಹಿಂದಿನದನ್ನು ತಾನಾಗಿ ರದ್ದುಮಾಡುತ್ತದೆ. ಆದ್ದರಿಂದ ಯುರೋಪಿನ ನಿಯಮಗಳಿಗೆ ದಾರಿ ಮಾಡಿಕೊಟ್ಟ 1972ರ ಕಾಯ್ದೆ ಅಷ್ಟರಮಟ್ಟಿಗೆ ಬಿದ್ದುಹೋಗಿದೆ ಎಂಬುದು ವ್ಯಾಪಾರಿಗಳ ವಾದವಾಗಿತ್ತು. 2002ರ ಫೆಬ್ರವರಿಯ ತೀರ್ಪಿನಲ್ಲಿ ನ್ಯಾಯಮೂರ್ತಿ ಲಾಸ್ ಇದನ್ನು ಒಪ್ಪಲಿಲ್ಲ. ರಾಜನ ಅಧಿಕಾರಕ್ಕೆ ಮಿತಿ ಹಾಕಿದ ಹಳೆಯ ಮ್ಯಾಗ್ನಾ ಕಾರ್ಟಾದಂತಹ ಕೆಲವು ಕಾಯ್ದೆಗಳು ಸಂವಿಧಾನದ ಸ್ಥಾನ ಪಡೆದಿವೆ, 1972ರದ್ದೂ ಅವುಗಳಲ್ಲಿ ಒಂದು, ಸಂಸತ್ತು ಸ್ಪಷ್ಟವಾಗಿ ಹೇಳದೆ ಅವು ರದ್ದಾಗುವುದಿಲ್ಲ ಎಂದು ಅವರು ಬರೆದರು. ಲಿಖಿತ ಸಂವಿಧಾನವಿಲ್ಲದ ದೇಶದಲ್ಲಿ ಇದು ಸಣ್ಣ ಮಾತಲ್ಲ. ಕಾನೂನು ವಿದ್ಯಾರ್ಥಿಗಳು ಈ ತೀರ್ಪನ್ನು ಇಂದಿಗೂ ಓದುತ್ತಾರೆ. ಥೋಬರ್ನ್ 2004ರಲ್ಲಿ, ನಲವತ್ತು ದಾಟುವ ಮೊದಲೇ, ಹೃದಯಾಘಾತದಿಂದ ತೀರಿಕೊಂಡರು.

2007ರಲ್ಲಿ ಯುರೋಪಿಯನ್ ಆಯೋಗವೇ ಹಿಂದೆ ಸರಿಯಿತು: ಪಿಂಟ್, ಮೈಲಿಗಳನ್ನು ಬ್ರಿಟನ್ ಇಟ್ಟುಕೊಳ್ಳಬಹುದು, ಕಿಲೋದ ಪಕ್ಕದಲ್ಲಿ ಪೌಂಡನ್ನೂ ಬರೆಯಬಹುದು ಎಂದಿತು. ಜಗಳಕ್ಕೆ ಕಾರಣವೇ ಉಳಿಯಲಿಲ್ಲವೆಂದು ಯಾರಾದರೂ ಭಾವಿಸಿದ್ದರೆ ಅದು ತಪ್ಪಾಯಿತು. ಅದೇ ಸುಮಾರಿಗೆ ಬಿಯರ್ ಗ್ಲಾಸಿನ ಮೇಲಿನ ಕಿರೀಟದ ಮುದ್ರೆಯ ಜಾಗಕ್ಕೆ ಸರಕು ಯುರೋಪಿನ ನಿಯಮಗಳಿಗೆ ತಕ್ಕಂತಿದೆ ಎಂದು ಸೂಚಿಸುವ ಸಿಇ ಗುರುತು ಬಂದಿತ್ತು. ಗ್ಲಾಸು ಸರಿಯಾಗಿ ಒಂದು ಪಿಂಟ್ ಹಿಡಿಯುತ್ತದೆ ಎಂಬುದಕ್ಕೆ ಪುರಾವೆಯಾಗಿದ್ದ ಆ ಪುಟ್ಟ ಕಿರೀಟ ಈಗ ರಾಷ್ಟ್ರದ ಲಾಂಛನವೇ ಆಯಿತು. ಬ್ರೆಕ್ಸಿಟ್ ನಂತರ, 2021ರಲ್ಲಿ, ಅದನ್ನು ಮತ್ತೆ ಒತ್ತಲು ಅವಕಾಶ ಕೊಡುವುದಾಗಿ ಸರ್ಕಾರ ಪ್ರಕಟಿಸಿತು.

2022ರಲ್ಲಿ ಸರ್ಕಾರ ಜನಾಭಿಪ್ರಾಯ ಕೇಳಿತು. ಒಂದು ಲಕ್ಷಕ್ಕೂ ಹೆಚ್ಚು ಉತ್ತರಗಳು ಬಂದವು. ವ್ಯಾಪಾರದಲ್ಲಿ ಮೆಟ್ರಿಕ್ ಒಂದೇ ಇರಲಿ, ಇಲ್ಲವೇ ಮೆಟ್ರಿಕ್ ಮುಖ್ಯವಾಗಿದ್ದು ಇಂಪೀರಿಯಲ್ ಪಕ್ಕದಲ್ಲಿರಲಿ ಎಂದವರು ಶೇ 98.7. ಇಷ್ಟೊಂದು ಒಮ್ಮತ ಬರುತ್ತದೆಂದು ಕೇಳಿದವರೂ ಎಣಿಸಿರಲಿಲ್ಲವೇನೋ. 2023ರ ಡಿಸೆಂಬರಿನಲ್ಲಿ ಸರ್ಕಾರ, ಈ ನಿಯಮಗಳನ್ನು ಬದಲಿಸುವುದಿಲ್ಲವೆಂದು ಹೇಳಿ, ವೈನನ್ನು ಪಿಂಟ್ ಗಾತ್ರದ ಬಾಟಲಿಯಲ್ಲಿ ಮಾರಲು ಮಾತ್ರ ಅನುಮತಿ ನೀಡಿತು. 2024ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಆ ನಿಯಮದಲ್ಲೂ ಬಾಟಲಿಯ ಗಾತ್ರವನ್ನು 568 ಮಿಲಿಲೀಟರ್ ಎಂದೇ ನಮೂದಿಸಲಾಗಿದೆ. ಅಂಗಡಿಯ ದರಪಟ್ಟಿಯಲ್ಲಿ ಪೌಂಡಿನ ಬೆಲೆಯನ್ನು ಕಿಲೋದ ಬೆಲೆಗಿಂತ ಎದ್ದು ಕಾಣುವಂತೆ ಬರೆಯಬಾರದೆಂಬ ನಿಯಮವೂ ಹಾಗೆಯೇ ಇದೆ. ಐರ್ಲೆಂಡ್ ಗಣರಾಜ್ಯ 2005ರಲ್ಲಿ ವೇಗಮಿತಿಯನ್ನು ಕಿಲೋಮೀಟರಿಗೆ ಬದಲಾಯಿಸಿದ್ದರಿಂದ, ಅಲ್ಲಿಂದ ಉತ್ತರ ಐರ್ಲೆಂಡಿಗೆ ಬರುವ ಚಾಲಕ ಗಡಿ ದಾಟಿದೊಡನೆ ಮೈಲಿಯ ಲೆಕ್ಕಕ್ಕೆ ಹೊಂದಿಕೊಳ್ಳಬೇಕಾಗುತ್ತದೆ. ಬ್ರಿಟನ್ನಿನ ರಸ್ತೆ ಫಲಕಗಳಿಗೆ 1970ರ ನಂತರ ಯಾವ ಸರ್ಕಾರವೂ ಹೊಸ ದಿನಾಂಕ ಗೊತ್ತುಮಾಡಿಲ್ಲ.